ಖಾಲಾ ಆರಿಸಿದ ದೀಪ

ಆಕೆಯ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುವಾಗ, ಚಹಾದ ಬಸಿ ಹಿಡಿದಾಗ, ಯಾರೊಡನೆಯಾದರೂ ಮಾತಿಗೆ ನಿಂತಾಗ ಅದೊಂದು ಬೆರಳು ನೆಟ್ಟಗೆ ಎದ್ದಿರುತ್ತಿತ್ತು. ಹೀಗಾಗಿ ಪ್ರೀತಿಯಿಂದ ಮಾತಾಡಿಸಿದರೂ ಎದುರಿನವರಿಗೆ ತಮ್ಮಿಂದ ಏನೋ ತಪ್ಪಾಗಿದೆ ಅನಿಸುತ್ತಿತ್ತು. ಲೋಹದ ಯಾವ ವಸ್ತುವನ್ನೂ ಆಕೆ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈಯ ಹಿಂಬದಿ ತಾಗಿಸಿ ನೋಡಿ ಆಮೇಲೆ ಹಿಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಕುಡಿಯಲು ಕೊಟ್ಟ ನೀರಿನ ತಂಬಿಗೆಗೂ ಅದೇ ಪರೀಕ್ಷೆ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಊರಿಗೆಲ್ಲ ಆಕೆ ಖಾಲಾ, ಅಂದರೆ ಚಿಗವ್ವ. ಗಂಡನ ಜೊತೆ ಅಫಜಲಪುರ, ಜೇವರ್ಗಿ ಕಡೆಯ ಸಂತೆಗಳಲ್ಲಿ ಹಾವು ತೋರಿಸಿಕೊಂಡು ತಿರುಗಿದವಳು. ಗಂಡ ಜ್ವರದಿಂದ ತೀರಿಕೊಂಡ ಮೇಲೆ ಆಳಂದಕ್ಕೆ ಬಂದು ನನ್ನ ಹಿಟ್ಟಿನ ಗಿರಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನೆಲೆ ನಿಂತಳು. ಅದು ನಿಜಾಮರ ಕಾಲ. ಊರಲ್ಲಿ ಕಂದೀಲಿನದೇ ರಾಜ್ಯ. ನಾನು ಮಾತ್ರ ಗಿರಣಿಯ ಎಂಜಿನ್ನಿಗೆ ಒಂದು ಡೈನಮೋ ಕೂಡಿಸಿ, ಸಂಜೆ ಹೊತ್ತು ಒಂದಿಷ್ಟು ಬಲ್ಬು ಉರಿಸಿ, ಮೀಸೆ ತಿರುವುತ್ತಿದ್ದೆ. ಖಾಲಾ ಅದರಿಂದ ಒಂದು ತಂತಿ ಎಳೆಸಿಕೊಂಡಳು. ಒಂದು ಬಲ್ಬು ಜನರಿಗೆ ಹಾವು ಕಾಣಲಿಕ್ಕೆ, ಇನ್ನೊಂದು ಹಾವನ್ನು ಬೆಚ್ಚಗಿಡಲಿಕ್ಕೆ.

ಹಾವಿನ ಮೈಯಲ್ಲಿ ತಾನಾಗಿ ಬಿಸಿ ಹುಟ್ಟುವುದಿಲ್ಲ, ತಂಪು ಹೊತ್ತಿನಲ್ಲಿ ಅದಕ್ಕೆ ತಿಂದದ್ದು ಕರಗುವುದಿಲ್ಲ ಎಂದು ನನಗೆ ತಿಳಿಸಿದವಳು ಆಕೆಯೇ. ಗಂಡ ಇದ್ದಾಗ ಒಮ್ಮೆ ಸಿನಿಮಾ ಡೇರೆಯವರಿಂದ ಕರೆಂಟು ಪಡೆದು ಬಲ್ಬನ್ನು ಹಾಗೆಯೇ ಪೆಟ್ಟಿಗೆಯೊಳಗೆ ಇಳಿಬಿಟ್ಟಿದ್ದರಂತೆ. ಹೆಬ್ಬಾವು ಬಲ್ಬನ್ನು ಸುತ್ತಿಕೊಂಡು ಮಲಗಿತು. ಮೈ ಸುಡುತ್ತಿದ್ದರೂ ಅದಕ್ಕೆ ತಿಳಿಯಲಿಲ್ಲ. ಬಿಡಿಸಲು ಹೋದ ಖಾಲಾಳ ಕೈ ತಂತಿಗೆ ಅಂಟಿತು. ಹೆಬ್ಬಾವು ಸತ್ತಿತು, ಬೆರಳು ಸೆಟೆದು ನಿಂತಿತು.

ಆಮೇಲೆ ಆಕೆ ಬಲ್ಬನ್ನು ತೂತು ಕೊರೆದ ಮಣ್ಣಿನ ಗಡಿಗೆಯೊಳಗೆ ಇಡತೊಡಗಿದಳು. ಹಾವು ಬೆಚ್ಚಗಿನ ಗಡಿಗೆಯನ್ನು ಸುತ್ತಿಕೊಂಡು ಸುಖವಾಗಿ ಮಲಗುತ್ತಿತ್ತು. ತಂತಿ ಒಳಹೋಗುವಲ್ಲಿ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದಳು. ನೀರಿನ ಬಟ್ಟಲು ದೂರದ ಮೂಲೆಯಲ್ಲಿ. ಪೆಟ್ಟಿಗೆ ತೆರೆಯುವ ಮುಂಚೆ ನಾನು ಎಂಜಿನ್ ನಿಲ್ಲಿಸಲೇಬೇಕು. ಜೋಳ ಬೀಸಿಸಲು ಬಂದವರು ಕಾದು ಕಾದು ಗೊಣಗಿದರೆ ಆಕೆಯ ಉತ್ತರ ಒಂದೇ: "ಹಾವ ಬುಸ್ ಅಂತ ಹೇಳಿ ಕಡೀತದ್ರಿ. ಕರೆಂಟ್ ಹೇಳಂಗಿಲ್ಲ."

ನಮಗೆ ಹುಟ್ಟಿದ ಎರಡು ಕೂಸುಗಳೂ ಉಳಿದಿರಲಿಲ್ಲ. ನನ್ನ ಹೆಂಡತಿ ಮತ್ತೆ ಬಸಿರಾದಾಗ, ಈ ಕೂಸಾದರೂ ಉಳಿಯಲೆಂದು ಪಂಚಮಿಗೆ ಜೀವಂತ ನಾಗಪ್ಪನಿಗೇ ಹಾಲೆರೆಯುವ ಹರಕೆ ಹೊತ್ತಳು. ಹಾವು ಹಾಲು ಕುಡಿಯುವುದಿಲ್ಲ ಎಂದು ಖಾಲಾ ಹೇಳಿ ನೋಡಿದಳು. ಬಸುರಿಯ ಕಣ್ಣಲ್ಲಿ ನೀರು ಕಂಡು ಕೊನೆಗೆ ಒಪ್ಪಿದಳು. ಎಂಜಿನ್ ನಿಲ್ಲಿಸಿದ ಮೇಲೆ ನಾಗರಹಾವಿನ ತಗಡಿನ ಪೆಟ್ಟಿಗೆಯ ಮೇಲಿನ ತಂತಿ ಜಾಳಿಗೆಗೆ ನಾಲ್ಕು ಹನಿ ಬಿಡಬೇಕು, ಅಷ್ಟೇ. ಸುದ್ದಿ ಓಣಿಗೆಲ್ಲ ಹಬ್ಬಿ, ಹಬ್ಬದ ಸಂಜೆ ಜಿಟಿಜಿಟಿ ಮಳೆಯಲ್ಲಿ ಹೆಂಗಸರೆಲ್ಲ ಹಾಲು ಹಿಡಿದು ಶೆಡ್ಡಿನಲ್ಲಿ ನೆರೆದರು.

ಮುಂದೆ ನಿಂತವಳು ನನ್ನ ಹೆಂಡತಿ. ಬರಿಗಾಲು, ತೊಯ್ದ ಸೀರೆ, ಕೈಯಲ್ಲಿ ಹಿತ್ತಾಳೆ ತಂಬಿಗೆ. ಎಂಜಿನ್ ಇನ್ನೂ ನಡೆಯುತ್ತಿತ್ತು, ನಾನು ಶೆಡ್ಡಿನ ಬಾಗಿಲಲ್ಲಿ ಕರೆಗೆ ಕಾದು ನಿಂತಿದ್ದೆ. ನನ್ನನ್ನು ಕೂಗುವ ಮುಂಚೆ ಖಾಲಾ ರೂಢಿಯಂತೆ ಪೆಟ್ಟಿಗೆಗೆ ಕೈಯ ಹಿಂಬದಿ ತಾಗಿಸಿದಳು. ಕೈ ಯಾರೋ ಒದ್ದಂತೆ ಹಿಂದಕ್ಕೆ ಹಾರಿತು. ಅಷ್ಟರಲ್ಲಿ ಹಿಂದಿನವರ ನೂಕಿಗೆ ನನ್ನ ಹೆಂಡತಿ ಮುಂದಾಗಿ ತಂಬಿಗೆ ಚಾಚಿದ್ದಳು. ಖಾಲಾ ಬೀಸಿ ಹೊಡೆದ ಏಟಿಗೆ ತಂಬಿಗೆ ಗೋಡೆಗೆ ಬಡಿಯಿತು. ಹರಕೆಯ ಹಾಲು ನೆಲದ ಪಾಲಾಯಿತು.

ನನ್ನ ಹೆಂಡತಿ ಅಲ್ಲೇ ಕುಸಿದು ಅಳತೊಡಗಿದಳು. ಮುಸಲ್ಮಾನರ ಹೆಂಗಸು ನಾಗಪ್ಪನ ಹಾಲು ಚೆಲ್ಲಿದಳೆಂದು ಹಿಂದಿನಿಂದ ಗುಲ್ಲೆದ್ದಿತು. ಖಾಲಾ ಎರಡೂ ತೋಳು ಚಾಚಿ ಅಡ್ಡ ನಿಂತಳು. "ಯಾರೂ ಮುಂದ ಬರಬ್ಯಾಡ್ರಿ. ಪೆಟ್ಟಿಗಿಗೆ ಕರೆಂಟ್ ಹತ್ತ್ಯದ."

ಯಾರೂ ನಂಬಲಿಲ್ಲ. ಆಗ ಆಕೆ ಎರಡು ತಂತಿ ಕಟ್ಟಿದ ಬಿಡಿ ಬಲ್ಬೊಂದನ್ನು ತಂದು, ಒಂದು ತಂತಿಯನ್ನು ಹಸಿ ನೆಲಕ್ಕೆ ಚುಚ್ಚಿ, ಇನ್ನೊಂದನ್ನು ಪೆಟ್ಟಿಗೆಯ ತಗಡಿಗೆ ತಾಗಿಸಿದಳು. ಬಲ್ಬು ಹೊತ್ತಿಕೊಂಡಿತು.

ಆಕೆ ಎಣಿಸಿದ್ದೇ ಒಂದು, ಆದದ್ದೇ ಒಂದು. ನಾಗಪ್ಪ ಬೆಳಕು ಕೊಟ್ಟನೆಂದು ಮುದುಕಿಯೊಬ್ಬಳು ಅಡ್ಡಬಿದ್ದಳು. ಅವಳ ಹಿಂದೆ ಶೆಡ್ಡಿಗೆ ಶೆಡ್ಡೇ ಅಡ್ಡಬಿದ್ದಿತು. ಈಗಷ್ಟೇ ಬೈದವರು ಖಾಲಾಳ ಕಾಲು ಮುಟ್ಟಲು ಬಂದರು. ಕುಂಕುಮ ಬಂತು, ಕಾಯಿ ಬಂತು, ರೊಕ್ಕವೂ ಬಿತ್ತು. ಮಾಡು ಸೋರುವ ಆ ಶೆಡ್ಡು ಅಂದೇ ಗುಡಿಯಾಗಬಹುದಿತ್ತು. ಸುಮ್ಮನಿದ್ದರೆ ಸಾಕಿತ್ತು.

"ಭಾಯಿ, ಎಂಜಿನ್ ಬಂದ್ ಮಾಡ್ರಿ," ಅಂದಳು ಖಾಲಾ.

ನಾನು ಓಡಿದೆ. ಎಂಜಿನ್ ಸದ್ದು ಅಡಗುತ್ತಿದ್ದಂತೆ ಆಕೆಯ ಕೈಯ ಬಲ್ಬು ಕೆಂಪಾಗಿ, ಕಂದಿ, ಆರಿತಂತೆ. ತಿರುಗಿ ಬರುವಷ್ಟರಲ್ಲಿ ಕಂದೀಲು ಹಚ್ಚಿದ್ದರು. ಖಾಲಾ ಪೆಟ್ಟಿಗೆಯ ಹಿಂದಿನ ತಂತಿ ಎತ್ತಿ ತೋರಿಸುತ್ತಿದ್ದಳು. ಹಾವಿನ ಮೇವಿಗೆಂದು ಸಾಕಿದ ಇಲಿಯೊಂದು ತಪ್ಪಿಸಿಕೊಂಡು ರಬ್ಬರನ್ನೆಲ್ಲ ಕಡಿದಿತ್ತು, ಬರೀ ತಾಮ್ರ ತಗಡಿಗೆ ತಾಗುತ್ತಿತ್ತು.

"ನಾಗಪ್ಪನ ಬೆಳಕಾಗಿದ್ರ ಎಂಜಿನ್ ನಿಂತ ಮ್ಯಾಲೂ ಇರ್ತಿತ್ತು," ಅಂದಳು. "ಇದು ಇಲಿ ಕಡದ ತಂತಿ. ದೇವರಂತ ಕೈ ಮುಗದು ಮುಟ್ಟಿದ್ರೂ ಕೊಲ್ತದ." ಮತ್ತೆ ನನ್ನ ಹೆಂಡತಿಯ ಪಕ್ಕ ಕುಕ್ಕರಿಸಿ ಆಕೆಯ ತಲೆ ಸವರಿದಳು. "ಹಾಲ ಮತ್ತ ಸಿಗ್ತದ ಬೇಟಿ. ನೀ ಸಿಗಂಗಿಲ್ಲ."

ತನ್ನ ಮನೆಯ ಹಾಲನ್ನೇ ತಂದು ತಂಬಿಗೆಗೆ ಹೊಯ್ದಳು. ಕಂದೀಲಿನ ಬೆಳಕಿನಲ್ಲಿ ನನ್ನ ಹೆಂಡತಿ ಹರಕೆ ಮುಗಿಸಿದಳು. ಶೆಡ್ಡು ಶೆಡ್ಡಾಗಿಯೇ ಉಳಿಯಿತು, ಮಾಡು ಸೋರುತ್ತಲೇ ಇತ್ತು. ಮರುವರ್ಷ ಹಾಲು ತಂದ ಹೆಂಗಸರು ಮಾತ್ರ ಮೊದಲು ಖಾಲಾಳ ಮುಖ ನೋಡಿ, ಆಕೆ ಹೂಂ ಅಂದ ಮೇಲೆ ಕೈ ಮುಂದೆ ಮಾಡಿದರು. ಅಷ್ಟು ಗಟ್ಟಿ ಹೆಣ್ಣನ್ನು ನಾನು ಮತ್ತೆ ಕಾಣಲಿಲ್ಲ. ಆಕೆಯ ಋಣ ನನ್ನ ಮನೆಯ ಮೇಲಿದೆ, ಅದು ತೀರುವಂಥದಲ್ಲ.

ನಮ್ಮ ಮಗಳು ನಡೆಯಲು ಕಲಿತ ಚಳಿಗಾಲದಲ್ಲಿ ಖಾಲಾ ತೀರಿಕೊಂಡಳು. ಅಂದು ನನ್ನ ಹೆಂಡತಿ ಒಲೆ ಹಚ್ಚಲಿಲ್ಲ. ಹೆತ್ತವಳು ಹೋದರೆ ಹಿಡಿಯುವ ಸೂತಕವನ್ನೇ ಹಿಡಿದು ಕೂತಳು. ಆಕೆ ನಮಗೇನಾಗಬೇಕು, ಇದೆಂಥ ಸೂತಕ ಎಂದು ನನ್ನ ತಾಯಿ ಕೇಳಿದಳು. ನನ್ನ ಹೆಂಡತಿ ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಎತ್ತಿ ತಂದು ಅತ್ತೆಯ ತೊಡೆಯ ಮೇಲೆ ಕೂಡಿಸಿದಳು. ಅವ್ವ ಮತ್ತೆ ಕೇಳಲಿಲ್ಲ.