ಕರಿಯನಿಗೆ ಹೆದರುತ್ತಿದ್ದವನು

ಕರೆಂಟು ಮೀಟರ್ ನೋಡುವವರಲ್ಲಿ ನನ್ನಂಥ ಗಂಡೆದೆಯವನು ಮುಳಬಾಗಿಲು ಸೀಮೆಯಲ್ಲೇ ಇಲ್ಲ. ಬಾಗಿಲಲ್ಲಿ ಹುಲಿ ಮಲಗಿದ್ದರೂ ದಾಟಿಕೊಂಡು ಹೋಗಿ, ಬಿಲ್ಲನ್ನು ಅದರ ಪಂಜಕ್ಕೇ ಸಿಕ್ಕಿಸಿ ಬರುತ್ತೇನೆ. ಬೈರಕೂರಿನ ಮುನಿಯಮ್ಮನವರ ಮನೆ ಮಾತ್ರ ಬೇರೆ. ಅಲ್ಲಿನ ನಾಯಿ ಕರಿಯ ಗುರ್ ಅಂದರೆ ಸಾಕು, ನಾನು ಗೇಟಿನಾಚೆಯೇ ನಿಂತು, "ಅಮ್ಮಾ, ನಾಯಿ ಹಿಡ್ಕೊಳ್ಳಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಮೊನ್ನೆಯೂ ಕೂಗಿದೆ. ಗುರ್ ಅನ್ನುವ ಸದ್ದೇ ಇಲ್ಲ. ಹೊರಗೆ ಬಂದ ಮುನಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೇಬಿಟ್ಟರು.

"ಕರಿಯ ಹೋಗ್ಬಿಟ್ಟ ಕಣಪ್ಪಾ. ವಯಸ್ಸಾಗಿತ್ತು."

"ಅಯ್ಯೋ! ಹೋದ ತಿಂಗಳು ನನ್ನನ್ನ ನುಂಗೋ ಹಾಗೆ ಬಂದನಲ್ಲಮ್ಮಾ?"

"ಏನ್ ನುಂಗ್ತಾನೆ? ಮೂರ್ನಾಲ್ಕು ವರ್ಷದಿಂದ ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣೂ ಕಾಣ್ತಿರಲಿಲ್ಲ. ಕೋಳಿಗಳೇ ಅವನ ತಟ್ಟೆಗೆ ಬಾಯಿ ಹಾಕ್ತಿದ್ವು. ಅವನಿಗೆ ಹೆದರ್ತಿದ್ದೋನು ನೀನೊಬ್ಬನೇ. ನಿನ್ನ ಕೂಗು ಕೇಳಿದ ದಿನ ಬಾಲ ಎತ್ಕೊಂಡು ಅಂಗಳವೆಲ್ಲ ಸುತ್ತಿ, ಹಾಕಿದ ಮುದ್ದೆ ಪೂರಾ ತಿಂತಿದ್ದ."

ಗೇಟಿನ ಸರಳು ಹಿಡಿದಿದ್ದವನು ಬಿಡುವುದನ್ನೇ ಮರೆತೆ. ಹಲ್ಲಿಲ್ಲದ ಕುರುಡನ ಮುಂದೆಯೇ ನಾನು ಇಷ್ಟು ವರ್ಷ ಬೆವರಿದ್ದು?

ಏನೇ ಹೇಳಿ, ಬರೀ ಹೆದರಿಕೊಂಡೇ ಒಂದು ಮುದಿ ಜೀವಕ್ಕೆ ಹೊಟ್ಟೆ ತುಂಬಾ ಉಣ್ಣಿಸಿದ ಶೂರ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.