ಕೆಂಪು ಕಾಣುವ ಜಂಬ

ಬತ್ತೇರಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುವಾಗ ಈಗೀಗ ನನಗೆ ಎಲ್ಲಿಲ್ಲದ ಜಂಬ. ಹಸಿರು ಕಾಯಿಗಳ ನಡುವಿನಿಂದ ಕೆಂಪು ಹಣ್ಣು ಥಟ್ಟನೆ ಕಣ್ಣಿಗೆ ಬೀಳುತ್ತದಲ್ಲ, ಅದೇನು ಸಾಮಾನ್ಯವೇ? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದನ್ನು ತಿಳಿಸಿದವಳು ವಿಜ್ಞಾನದ ಟೀಚರಾದ ಮಗಳು. ನಾವು ಮನುಷ್ಯರಾಗುವುದಕ್ಕೂ ಎಷ್ಟೋ ಮೊದಲು, ಮರದ ಮೇಲಿದ್ದ ಯಾವುದೋ ಅಜ್ಜಿಯ ವರ್ಣತಂತುವಿನಲ್ಲಿ ಬಣ್ಣ ಕಾಣಿಸುವ ಜೀನೊಂದು ತಪ್ಪಿ ಎರಡು ಸಲ ನಕಲಾಯಿತಂತೆ. ಒಡಹುಟ್ಟಿದ ಆ ಎರಡೂ ಪಕ್ಕಪಕ್ಕದಲ್ಲೇ ಬಿಡಾರ ಹೂಡಿ, ಬರಬರುತ್ತಾ ಒಂದು ಕೆಂಪಿನ ಕಡೆ ವಾಲಿತು, ಇನ್ನೊಂದು ಹಸಿರಿನ ಕಡೆ. ನೋಡಿ, ಒಂದು ಕೈತಪ್ಪಿನಿಂದ ನಮಗೆ ಹಣ್ಣು ಕಂಡಿತು!

"ಅದರಲ್ಲೊಂದು ಕೆಟ್ಟರೆ?" ಎಂದೆ.

"ಕೆಂಪು, ಹಸಿರು ಒಂದೇ ಥರ ಕಾಣುತ್ತೆ. ಗಂಡಸರಿಗೇ ಜಾಸ್ತಿ. ಹೆಂಗಸರಿಗೆ ಆ ವರ್ಣತಂತು ಎರಡಿರುತ್ತೆ, ಒಂದು ಕೈಕೊಟ್ಟರೆ ಇನ್ನೊಂದು. ಗಂಡಸರಿಗೆ ಇರೋದೇ ಒಂದು."

ನನ್ನ ತಮ್ಮ ಬೊಮ್ಮ ನೆನಪಾದ.

ನಕ್ಸಲರೆಂದರೆ ತೋಟದವರು ಬೆಚ್ಚುತ್ತಿದ್ದ ಕಾಲ. ಪೆರಿಕಲ್ಲೂರಿನ ಹತ್ತಿರ ನಾವಿಬ್ಬರೂ ಕಾಫಿ ಕೊಯ್ಲಿಗೆ ಹೋಗುತ್ತಿದ್ದೆವು. ಹಣ್ಣಷ್ಟೇ ಕೀಳಬೇಕು. ಬೊಮ್ಮನ ಚೀಲ ಸುರಿದರೆ ಅರ್ಧಕ್ಕರ್ಧ ಹಸಿರು ಕಾಯಿ.

"ಎಂದಡಾ, ಏನೋ ಇದು? ಬೆಳೆ ಹಾಳುಮಾಡು ಅಂತ ಕಾಡಿನ ಪಾರ್ಟಿಯವರು ಹೇಳಿಕೊಟ್ಟರಾ?" ಮೇಸ್ತ್ರಿ ಗದರಿ ನನ್ನ ಕಡೆ ತಿರುಗಿದ. "ಇವನ ಕಣ್ಣು ಸರಿ ಇದೆಯಾ?"

ಚಿಕ್ಕಂದಿನಲ್ಲಿ ಎಲೆಯ ನಡುವಿನ ಕೆಂಪು ದಾಸವಾಳ ಹುಡುಕಲು ಅವನು ತಡವರಿಸಿದಾಗ ಬಿದ್ದುಬಿದ್ದು ನಕ್ಕವಳು ನಾನೇ. ಆದರೂ ನನ್ನ ಕೂಲಿಯೂ ಹೋದೀತೆಂದು ಹೆದರಿ, "ಕಣ್ಣು ಸರಿ ಇದೆ. ಬೇಕಂತಲೇ ಕಿತ್ತಿದ್ದಾನೆ" ಎಂದುಬಿಟ್ಟೆ. ಆಮೇಲೆ ಯಾವ ತೋಟದವರೂ ಅವನನ್ನು ಕರೆಯಲಿಲ್ಲ.

ಮಗಳು ಜೀನಿನ ಕಥೆ ಹೇಳಿದ ದಿನ, ಅವಳ ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿ ಅವನ ಮನೆಗೆ ಓಡಿದೆ. ಹಿತ್ತಲಲ್ಲಿ ತನ್ನ ನಾಲ್ಕಾರು ಗಿಡಗಳ ಕಾಫಿ ಕೊಯ್ಯುತ್ತಿದ್ದ. ಮರದ ಮೇಲಿನ ಅಜ್ಜಿಯಿಂದ ಹಿಡಿದು ಮೇಸ್ತ್ರಿಗೆ ನಾನು ಹೇಳಿದ ಸುಳ್ಳಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವನು ಬುಟ್ಟಿ ಕೆಳಗಿಟ್ಟ.

"ಹಂಗಾದ್ರೆ ನಂದು ಅಸಡ್ಡೆ ಅಲ್ಲ?"

"ಅಲ್ಲ ಕಣೋ."

"ನಾನೇ ಅಸಡ್ಡೆ ಮಾಡಿದೆ ಅಂತ ನಂಬಿದ್ದೆ ಅಕ್ಕ, ಇಷ್ಟು ಕಾಲ." ಮುಖ ಒರೆಸಿಕೊಂಡು ಬುಟ್ಟಿಯನ್ನು ನನ್ನ ಕಡೆ ತಳ್ಳಿದ. "ಬಾ, ಕೀಳು."

ಈ ಜಂಬಗಾತಿ ಥಟ್ಟನೆ ಒಂದು ಕೆಂಪು ಹಣ್ಣು ಕಿತ್ತು ಕೊಟ್ಟಳು. ಅವನು ಹಣ್ಣೋ ಕಾಯೋ ಎಂದು ಎರಡು ಬೆರಳಲ್ಲಿ ಹಿಸುಕಿ ನೋಡಿದ. ಗಟ್ಟಿಯಾಗಿತ್ತು. ನಾನು ತಿರುಗಿಸಿ ನೋಡಿದರೆ, ಹಿಂದುಗಡೆ ಇನ್ನೂ ಹಸಿರು.

"ಕಣ್ಣೇನೋ ಸರಿ ಇದೆ," ಎಂದ ಬೊಮ್ಮ. "ಬೇಕಂತಲೇ ಕಿತ್ತೆಯೇನೇ?"