ಕಣ್ಣಕ್ಕನನ್ನು ಎಚ್ಚರವಾಗಿಟ್ಟ ಜಗಳ

ಸಿರಪ್ ಕಾರ್ಖಾನೆಯಲ್ಲಿ ಕಣ್ಣಕ್ಕನ ಕೆಲಸವೆಂದರೆ ನೋಡುವುದು. ‘ಅಷ್ಟೇನಾ?’ ಎಂದು ನಕ್ಕವರು ಒಂದು ದಿನ ಅವಳ ಪೀಠದಲ್ಲಿ ಕೂತು ಬರಬೇಕು. ಹಿಂದೆ ದೀಪ ಉರಿಯುವ ಬಿಳಿ ಫಲಕ, ಅದರ ಮುಂದೆ ಓಡುವ ಪಟ್ಟಿಯ ಮೇಲೆ ಖಾಲಿ ಬಾಟಲಿಗಳ ಮೆರವಣಿಗೆ. ಬಿರುಕು ಬಿಟ್ಟದ್ದು, ಗಾಜಿನ ಚೂರು ಉಳಿದದ್ದು, ನೊಣ ಬಿದ್ದದ್ದು ಕಂಡರೆ ತಕ್ಷಣ ಎತ್ತಿ ಬುಟ್ಟಿಗೆ ಹಾಕಬೇಕು. ಕಾಣದೆ ಹೋದರೆ ಅದು ಯಾವುದೋ ಮಗುವಿನ ಕೆಮ್ಮಿನ ಔಷಧದ ಜೊತೆ ಹೋಗುತ್ತದೆ. ಅವಳ ಕಣ್ಣು ತಪ್ಪಿಸಿ ನೊಣದ ರೆಕ್ಕೆಯೂ ಹೋಗದು ಎಂದು ಆ ಹೆಸರು ಬಂದಿತ್ತು.

ಒಂದೇ ಥರದ ಬಾಟಲಿಗಳನ್ನು ಬೆಳಗಿನಿಂದ ಸಂಜೆವರೆಗೆ ನೋಡಿದರೆ ಎಂಥವರಿಗೂ ಜೊಂಪು ಹತ್ತುತ್ತದೆ. ಆ ಕೋಣೆಯ ಹೆಂಗಸರು ಅದಕ್ಕೆ ಹಿಂದಿನಿಂದಲೂ ಒಂದು ಮದ್ದು ಇಟ್ಟುಕೊಂಡಿದ್ದರು: ಜಗಳ. ಪಕ್ಕಪಕ್ಕದ ಪೀಠದವರು ಜೋಡಿ. ಪಟ್ಟಿ ಓಡಿದರೆ ಜಗಳ ಶುರು. ಪಟ್ಟಿ ನಿಂತರೆ ಜಗಳವೂ ನಿಂತು, ಒಬ್ಬಳ ಡಬ್ಬಿಯ ಊಟವನ್ನು ಇನ್ನೊಬ್ಬಳು ತಿನ್ನುತ್ತಿದ್ದಳು. ಕಣ್ಣಕ್ಕನ ಜೋಡಿಗೆ ಎಲ್ಲರೂ ಇಟ್ಟ ಹೆಸರು ಗರಗಸ.

“ಏನೇ, ಜಡೆ ಹಾಕ್ಕೊಂಡಿದ್ದೀಯೋ, ಹಗ್ಗ ಹೊಸೆದಿದ್ದೀಯೋ?” ಎಂದು ಗರಗಸ ಶುರು ಮಾಡುವಳು.

“ನಿನ್ನ ತಲೇಲಿ ಹೊಸೆಯೋಕೂ ಕೂದಲಿಲ್ಲ. ಅದಕ್ಕೇ ಹೊಟ್ಟೆಕಿಚ್ಚು.”

“ಬಂತು ನೋಡು ನೊಣ, ಎತ್ತೇ ಕುರುಡಿ!”

“ಆಗಲೇ ಎತ್ತಾಯ್ತು. ನಿನ್ನ ಬಾಯಿಗಿಂತ ನನ್ನ ಕೈ ಚುರುಕು.”

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಹೊಸ ವ್ಯವಸ್ಥಾಪಕರು ಬಂದರು. ಎಲ್ಲವೂ ವೈಜ್ಞಾನಿಕವಾಗಿ ನಡೆಯಬೇಕೆಂಬುದು ಅವರ ಹಟ. ನೌಕರರ ಎಚ್ಚರವನ್ನು ಅಳೆಯಲು ಒಬ್ಬ ಡಾಕ್ಟರಮ್ಮನನ್ನು ಕರೆಸಿದರು. ಆಕೆ ಹೆಂಗಸರ ತಲೆಗೆ ತಂತಿಗಳ ಟೋಪಿ ತೊಡಿಸಿ, ಒಮ್ಮೆ ಜಗಳವಾಡಿಸಿ, ಒಮ್ಮೆ ಸುಮ್ಮನಿರಿಸಿ, ಮೆದುಳಿನ ಅಲೆಗಳ ಗೆರೆಗಳನ್ನು ಯಂತ್ರದಲ್ಲಿ ಬರೆಸಿಕೊಂಡಳು. ಅದರ ಫಲಿತಾಂಶ ಹೇಳಲು ಸಿಕ್ಕ ಸಮಯ ಮಾತ್ರ ವ್ಯವಸ್ಥಾಪಕರ ಊಟವಾದ ಮೇಲಿನದು.

“ಜಗಳ ಆಡುವಾಗ ಗೆರೆ ಸಣ್ಣಗೆ, ಚುರುಕಾಗಿ ಓಡ್ತಿತ್ತು ಸಾರ್. ಸುಮ್ಮನೆ ಕೂತಾಗ ಅಲೆ ನಿಧಾನ ಆಯ್ತು. ಅದೇ ತೂಕಡಿಕೆ. ಕಣ್ಣು ತೆರೆದೇ ಇರುತ್ತೆ, ಆದರೆ ಮೆದುಳು ಎರಡು ಮೂರು ಸೆಕೆಂಡು ಬಾಗಿಲು ಹಾಕ್ಕೊಂಡುಬಿಡುತ್ತೆ. ಹಾಗಾಗಿದ್ದು ಅವರಿಗೇ ತಿಳಿಯಲ್ಲ.”

ವ್ಯವಸ್ಥಾಪಕರ ಕಣ್ಣೂ ತೆರೆದೇ ಇತ್ತು. ತಲೆಯೂ ಹೌದು ಹೌದು ಎಂದು ಆಡುತ್ತಿತ್ತು. ಅವರ ಕಿವಿಗೆ ಬಿದ್ದದ್ದು ‘ಜಗಳ’, ‘ಸುಮ್ಮನೆ ಕೂತಾಗ’, ‘ನಿಧಾನ’ ಎಂಬಷ್ಟೇ. ನಡುವಿನದ್ದನ್ನು ಅವರ ಮೆದುಳು ಬಾಗಿಲ ಹೊರಗೇ ನಿಲ್ಲಿಸಿತ್ತು.

“ಅರ್ಥ ಆಯ್ತಲ್ವಾ ಸಾರ್?”

“ಪೂರ್ತಿ! ಜಗಳ ಬಿಟ್ಟು ಸುಮ್ಮನೆ ಕೂತ್ರೆ ಮೆದುಳು ಶಾಂತ. ನಾನು ಮೊದಲಿಂದ ಹೇಳ್ತಿರೋದೇ ಇದು” ಎಂದು ಎದ್ದವರು, ಆಕೆ ಮತ್ತೆ ಬಾಯಿ ತೆರೆಯುವ ಮೊದಲೇ ಇನ್ನೊಂದು ಸಭೆಗೆ ಹೋಗಿ ಕೂತರು.

ಮರುದಿನದಿಂದ ತಪಾಸಣೆ ಕೋಣೆಯಲ್ಲಿ ಮೌನ ಕಡ್ಡಾಯವಾಯಿತು. ಜೋಡಿಗಳಿಗೆ ಕೈ ಕುಲುಕಿಸಿ, ಫೋಟೊ ತೆಗೆಸಿ, ಒಬ್ಬಳನ್ನು ಪಟ್ಟಿಯ ಈ ಬದಿಗೂ ಇನ್ನೊಬ್ಬಳನ್ನು ಆ ಬದಿಗೂ ಕೂರಿಸಿದರು. ಎಚ್ಚರ ಪರೀಕ್ಷಿಸಲು ಆಗೀಗ ನೀಲಿ ದಾರ ಹಾಕಿದ ಬಾಟಲಿಯೊಂದನ್ನು ಬಿಡುತ್ತಿದ್ದರು. ಮೂರು ಸಲ ತಪ್ಪಿದವಳು ತೊಳೆಯುವ ವಿಭಾಗಕ್ಕೆ. ಅಲ್ಲಿಯದು ಚರ್ಮ ಸುಲಿಯುವ ಕ್ಷಾರದ ನೀರು. ಅಲ್ಲಿ ದುಡಿದವರು ಆ ಸುಲಿದ ಕೈಯಲ್ಲಿ ಹಸುಗೂಸನ್ನು ಎತ್ತಿಕೊಳ್ಳಲು ಹಿಂಜರಿಯುತ್ತಿದ್ದರು.

ಕಣ್ಣಕ್ಕನ ಮನೆಯಲ್ಲಿ ಹಸುಗೂಸಿತ್ತು. ಹೆರಿಗೆಗೆ ಬಂದ ಮಗಳು ಇನ್ನೂ ಇಲ್ಲೇ ಇದ್ದಳು. “ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಅಳಿಯಂದಿರೇ ಹೇಳಿದ್ದಾರೆ” ಎಂದು ಕಣ್ಣಕ್ಕ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ರಾತ್ರಿ ಕೂಸು ಅಳುತ್ತಿತ್ತು. ಅದನ್ನು ಎತ್ತಿಕೊಳ್ಳಬೇಕಾದ ತಾಯಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹೀಗಾಗಿ ಅಜ್ಜಿಗೆ ನಿದ್ದೆಯಿಲ್ಲ.

ಮೌನದ ಮೊದಲ ವಾರವೇ ಕಣ್ಣಕ್ಕ ನೀಲಿ ದಾರದ ಎರಡು ಬಾಟಲಿಗಳನ್ನು ಕಾಣದೆ ಬಿಟ್ಟಳು.

“ಅಂಥಾ ಬಾಟಲಿ ಬರಲೇ ಇಲ್ಲ ಸಾರ್. ನಾನು ಕಣ್ಣು ಮುಚ್ಚಿದ್ರೆ ಕೇಳಿ!”

“ಮುಚ್ಚಿರಲಿಲ್ಲ, ನಾನೇ ನೋಡಿದೀನಿ. ಅಂದ್ರೆ ಬೇಕಂತಲೇ ಬಿಟ್ಟಿದ್ದೀಯ” ಎಂದರು ವ್ಯವಸ್ಥಾಪಕರು. “ಇನ್ನೊಂದೇ ಸಲ.”

ಮೂರನೆಯದು ಬಂದದ್ದು ಊಟವಾದ ಮೇಲೆ. ಎದುರು ಬದಿಯಿಂದ ಗರಗಸ ಅದನ್ನು ಮೊದಲೇ ಕಂಡಳು. ಕಣ್ಣಕ್ಕನ ಕಣ್ಣು ನೆಟ್ಟಗೆ ತೆರೆದಿತ್ತು, ಆದರೆ ಒಳಗೆ ಯಾರೂ ಇರಲಿಲ್ಲ. ಗರಗಸ ಕೆಮ್ಮಿದಳು. ಅಲುಗಾಟವಿಲ್ಲ. “ಏ ಕುರುಡಿ!” ಎಂದಳು. ಅದು ಕೇಳಿ ಕೇಳಿ ಸವೆದ ಬೈಗುಳ, ನಾಟಲಿಲ್ಲ. ಬಾಟಲಿ ಇನ್ನೇನು ಅವಳನ್ನು ದಾಟುವುದರಲ್ಲಿತ್ತು.

“ನಿನ್ನ ಅಳಿಯ ಬರಲ್ಲ ಕಣೇ! ಮಗಳನ್ನ ಕರ್ಕೊಂಡು ಹೋಗೋಕೆ ಯಾರೂ ಬರಲ್ಲ!”

ಕಣ್ಣಕ್ಕ ಕೆನ್ನೆಗೆ ಹೊಡೆಸಿಕೊಂಡವಳಂತೆ ಬೆಚ್ಚಿದಳು. ಕೈ ತಾನಾಗಿ ಚಾಚಿ ನೀಲಿ ದಾರದ ಬಾಟಲಿಯನ್ನು ಹಿಡಿಯಿತು. ಆಮೇಲೆ ಕೋಣೆಯಲ್ಲಿ ಪಟ್ಟಿ ಓಡುವ ಸದ್ದೊಂದೇ.

ಸಂಜೆಯೊಳಗೆ ಎರಡು ಆದೇಶ ಬಂದವು. ಮೌನ ಮುರಿದದ್ದಕ್ಕೆ ಗರಗಸಳಿಗೆ ಎಚ್ಚರಿಕೆ. ಮೌನದಿಂದ ಎಚ್ಚರ ಹೆಚ್ಚಿಸಿಕೊಂಡದ್ದಕ್ಕೆ ಕಣ್ಣಕ್ಕನಿಗೆ ಅಭಿನಂದನೆ, ಪೀಠವೂ ಖಾಯಂ.

ಗೇಟಿನ ಹೊರಗೆ ಗರಗಸ ಕಾದಿದ್ದಳು. ಕಣ್ಣಕ್ಕ ನೋಡದೆ ಮುಂದೆ ನಡೆದಳು. ಸ್ವಲ್ಪ ದೂರ ಹೋಗಿ ತಾನೇ ನಿಂತಳು.

“ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ದಿನಾ ನಿನ್ನ ಮುಖ ನೋಡ್ತೀನಲ್ಲ.”

“ಇನ್ಮೇಲೆ ಅದೊಂದು ಬಿಟ್ಟು ಬೇರೆ ಏನಾದ್ರೂ ಬೈ.”

“ಬೇರೆ ಯಾವುದೂ ನಾಟಲ್ಲ ನಿಂಗೆ. ನಿದ್ದೆ ಬರುತ್ತೆ.”

“ಬಂದ್ರೆ ಬರ್ಲಿ, ತೊಳೆಯೋಕೆ ಹೋಗ್ತೀನಿ” ಎಂದಳು ಕಣ್ಣಕ್ಕ.

ಗರಗಸ ಅವಳ ಕೈಯಿಂದ ಊಟದ ಡಬ್ಬಿ ಕಸಿದುಕೊಂಡಳು. “ಮಗಳನ್ನೂ ಕೂಸನ್ನೂ ಒಂದೆರಡು ದಿನ ನಮ್ಮನೆಗೆ ಕಳಿಸು. ಅಳೋದಿದ್ರೆ ಅಲ್ಲಿ ಅಳ್ಲಿ” ಎಂದಳು. “ನೀನು ಮೊದಲು ನಿದ್ದೆ ಮಾಡೇ, ಕತ್ತೆ.”